ಮದ್ದಿನ ಚೀಟಿ ಓದುವವರು ನೀವೇ: ಕಂಪವಾತಕ್ಕೆ ಇನ್ನೊಂದು ಮಾತ್ರೆ ಸೇರಿದಾಗ

(ಬದಿಯಡ್ಕದಲ್ಲಿ ಸೇರಿದ್ದ ಕನ್ನಡ ಯುವಜನರ ಎದುರು ಫಾರ್ಮಸಿಸ್ಟ್ ಒಬ್ಬರು ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇವೆ. ಓದಿ, ಮನೆಯ ಗ್ರೂಪಿಗೂ ಕಳಿಸಿ.)



ನಾವು ಸೇರಿದಲ್ಲೆಲ್ಲ ಮಾತಾಡುವ ವಿಷಯ ನಿಮಗೆ ಗೊತ್ತುಂಟು. ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದ್ದು, ಪಿಎಸ್‌ಸಿ ಪರೀಕ್ಷೆ, ಬಸ್ಸಿನ ಬೋರ್ಡು, ಪಂಚಾಯತಿನ ಅರ್ಜಿ ಫಾರಂ. ಎಲ್ಲ ಬೇಕಾದದ್ದೇ. ಆದರೆ ಭಾಷೆ ಗೊತ್ತಾಗದೆ ಇದ್ದರೆ ಜೀವಕ್ಕೇ ತೊಂದರೆ ಆಗುವ ಒಂದು ಜಾಗ ಉಂಟು, ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ. ಅದು ಮದ್ದಿನ ಚೀಟಿ.

ಇವತ್ತು ನಾನು ಒಂದೇ ಕಾಯಿಲೆ ಹಿಡಿದುಕೊಂಡು ಮಾತಾಡ್ತೇನೆ. ಕಂಪವಾತ, ಪಾರ್ಕಿನ್ಸನ್ಸ್. ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಅಜ್ಜನಿಗೋ ಅಜ್ಜಿಗೋ ಮಾವನಿಗೋ ಇರಬಹುದು. ಕೈ ನಡುಗುವುದು ಮಾತ್ರ ಅಲ್ಲ, ನಡೆ ನಿಧಾನ ಆಗುವುದು, ಮೈ ಬಿಗಿಯುವುದು, ಅಕ್ಷರ ಸಣ್ಣ ಆಗುವುದು, ಮುಖದಲ್ಲಿ ಭಾವನೆ ಕಾಣದಿರುವುದು. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ನಿನ ವೈದ್ಯ ಇದರ ಬಗ್ಗೆ ಬರೆದ, ಹಾಗಾಗಿ ಆ ಹೆಸರು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರು ಮಾಡುವ ಕೋಶಗಳು ಸಾಯುತ್ತಾ ಹೋಗ್ತವೆ. ಅದಕ್ಕೆ ಕೊಡುವ ಮುಖ್ಯ ಮದ್ದು ಲೀವೊಡೋಪಾ, ಜೊತೆಗೆ ಕಾರ್ಬಿಡೋಪಾ. ನಮ್ಮ ಕಡೆ ಜನ ಸಿಂಡೋಪಾ ಅಂತ ಹೇಳುವುದು ಇದನ್ನೇ. ಲೀವೊಡೋಪಾ ಮೆದುಳಿಗೆ ಹೋಗಿ ಡೋಪಮೈನ್ ಆಗ್ತದೆ. ದಾರಿಯಲ್ಲೇ ಖರ್ಚಾಗದ ಹಾಗೆ ಕಾರ್ಬಿಡೋಪಾ ಕಾಯ್ತದೆ.

ಮೊದಮೊದಲು ಇದು ಚಂದ ಕೆಲಸ ಮಾಡ್ತದೆ. ಕೆಲವು ವರ್ಷ ಕಳೆದ ಮೇಲೆ ಒಂದು ಮಾತ್ರೆಯ ಬಲ ಮುಂದಿನ ಮಾತ್ರೆಯವರೆಗೆ ಸಾಕಾಗುವುದಿಲ್ಲ. ಬೆಳಿಗ್ಗೆ 8ಕ್ಕೆ ತೆಗೊಂಡದ್ದು 11 ಗಂಟೆಗೇ ಇಳಿದುಬಿಡ್ತದೆ. ತೋಟಕ್ಕೆ ಹೋದ ಅಜ್ಜ ಅಡಿಕೆ ಮರದ ಬುಡದಲ್ಲೇ ಕಾಲು ಕಿತ್ತಿಡಲಾಗದೆ ನಿಂತುಬಿಡ್ತಾರೆ. ಡಾಕ್ಟರರ ಭಾಷೆಯಲ್ಲಿ ಅದು 'ಆಫ್'. ಆಗಲೇ ಎರಡನೆಯ ಮಾತ್ರೆ ಬರುವುದು. ಇದ್ದದ್ದರ ಬದಲಿಗೆ ಅಲ್ಲ, ಇದ್ದದ್ದರ ಜೊತೆಗೆ. ರಸಾಜಿಲಿನ್ ಇರಬಹುದು, ಇತ್ತೀಚಿನ ಸಾಫಿನಮೈಡ್ ಇರಬಹುದು, ಎಂಟಕಪೋನ್, ಪ್ರಮಿಪೆಕ್ಸೋಲ್, ರೋಪಿನಿರೋಲ್, ಅಮಾಂಟಡೀನ್ ಇರಬಹುದು. ಈ ಹೆಸರುಗಳನ್ನು ಈಗ ಬಾಯಿಪಾಠ ಮಾಡ್ಬೇಡಿ. ನಿಮ್ಮ ಮನೆಯಲ್ಲಿ ಇರುವ ಒಂದು ಹೆಸರು ಗೊತ್ತಿದ್ದರೆ ಸಾಕು.

ಈಗ ನನ್ನ ಕಥೆ ಹೇಳ್ತೇನೆ. ಹೇಳ್ಲಿಕ್ಕೆ ಸ್ವಲ್ಪ ನಾಚಿಕೆ ಉಂಟು.

ನಾನು ಪಿಯುಸಿ ಮುಗಿಸಿದ ವರ್ಷ. ದೊಡ್ಡಪ್ಪನಿಗೆ ಕಂಪವಾತ. ಮಂಗಳೂರಿನ ಡಾಕ್ಟರು ರಸಾಜಿಲಿನ್ ಸೇರಿಸಿದರು, ದಿನಕ್ಕೆ ಒಂದು. ಜೊತೆಗೆ ಹೋದದ್ದು ನಾನು. ಇಂಗ್ಲಿಷು ಬರ್ತದೆ ಅಂತ ಮನೆಯವರು ನನ್ನನ್ನೇ ಕಳಿಸುವುದು. ಡಾಕ್ಟರು ಏನೋ ಹೇಳಿದರು, ನಾನು ತಲೆ ಆಡಿಸಿದೆ, ಬಸ್ಸು ಹತ್ತಿ ಬಂದೆವು. ಮೂರು ವಾರ ದೊಡ್ಡಪ್ಪ ಬಹಳ ಚುರುಕಾಗಿದ್ದರು. ಮತ್ತೆ ಮಳೆ ಶುರುವಾಯಿತು, ಅವರಿಗೆ ಕೆಮ್ಮು. ನಾನೇ ಊರಿನ ಅಂಗಡಿಯಿಂದ ಒಂದು ಕೆಮ್ಮಿನ ಸಿರಪ್ ತಂದೆ. ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೂ ನನಗೆ ಆ ಮಾತ್ರೆಯ ಹೆಸರು ಗೊತ್ತಿರಲಿಲ್ಲ. 'ಮಂಗಳೂರಿನ ಸಣ್ಣ ಬಿಳಿ ಮಾತ್ರೆ' ಅಂತ ನಾವು ಹೇಳುತ್ತಿದ್ದದ್ದು.

ಎರಡನೇ ರಾತ್ರಿ ದೊಡ್ಡಪ್ಪ ಬೆವರಲಿಕ್ಕೆ ಶುರುಮಾಡಿದರು. ಮೈಯೆಲ್ಲ ಅದುರು, ಕೂತಲ್ಲಿ ಕೂರುವುದಿಲ್ಲ, ಮಾಡಿನಲ್ಲಿ ಯಾರೋ ಕೂತಿದ್ದಾರೆ ಅಂತ ತೋರಿಸ್ತಾರೆ. ದೊಡ್ಡಮ್ಮ ನಡುಕ ಹೆಚ್ಚಾಯಿತು ಅಂತ ಎಣಿಸಿ ಇನ್ನೊಂದು ಸಿಂಡೋಪಾ ಕೊಟ್ಟರು. ಪಕ್ಕದ ಮನೆಯವರು ಬೆಳಿಗ್ಗೆ ಪ್ರಶ್ನೆ ಇಡಿಸುವ ಅಂದರು. ಅಷ್ಟರಲ್ಲಿ ಜ್ವರವೂ ಬಂತು. ರಾತ್ರಿಯೇ ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡ್ಯೂಟಿ ಡಾಕ್ಟರು, ಸಣ್ಣ ಪ್ರಾಯದ ಹೆಂಗಸು, ಮೊದಲು ಕೇಳಿದ್ದು ಒಂದೇ: ಹೊಸತಾಗಿ ಎಂತ ಕೊಟ್ಟಿದ್ದೀರಿ? ಅದೃಷ್ಟಕ್ಕೆ ದೊಡ್ಡಮ್ಮ ಮದ್ದಿನ ತೊಟ್ಟೆಯನ್ನೇ ಎತ್ತಿಕೊಂಡು ಬಂದಿದ್ದರು. ಡಾಕ್ಟರು ಸಿರಪಿನ ಬಾಟಲಿ ತಿರುಗಿಸಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಡೆಕ್ಸ್‌ಟ್ರೋಮೆಥಾರ್ಫಾನ್.

ದೊಡ್ಡಪ್ಪ ಉಳಿದರು, ನಾಲ್ಕು ದಿನದಲ್ಲಿ ಮನೆಗೆ ಬಂದರು. ಆ ಸಿರಪ್ ತಂದವನು ನಾನು. ನಾನು ಫಾರ್ಮಸಿ ಓದಲಿಕ್ಕೆ ಹೋದದ್ದಕ್ಕೆ ಆ ಬಾಟಲಿಯೂ ಒಂದು ಕಾರಣ.

ಅಲ್ಲಿ ಆದದ್ದು ಎಂತ? ನಮ್ಮ ದೇಹದಲ್ಲಿ ಎಂಎಒ ಎಂಬ ಕಿಣ್ವ ಉಂಟು. ಅದರಲ್ಲಿ ಬಿ ಎಂಬ ಬಗೆ ಮೆದುಳಿನ ಡೋಪಮೈನನ್ನು ಒಡೆದು ಖಾಲಿ ಮಾಡ್ತದೆ. ರಸಾಜಿಲಿನ್, ಸೆಲೆಜಿಲಿನ್, ಸಾಫಿನಮೈಡ್ ಈ ಮೂರೂ ಅದನ್ನು ತಡೆಯುವ ಮದ್ದು. ಇದ್ದ ಡೋಪಮೈನ್ ಹೆಚ್ಚು ಹೊತ್ತು ಉಳಿಯುತ್ತದೆ, ಹಾಗಾಗಿ ಅಜ್ಜ ಹೆಚ್ಚು ಹೊತ್ತು ನಡೀತಾರೆ. ಆದರೆ ಆ ಕಿಣ್ವದ ಬಾಗಿಲು ಮುಚ್ಚಿರುವಾಗ ಸಿರೊಟೋನಿನ್ ಏರಿಸುವ ಬೇರೆ ಮದ್ದು ಒಳಗೆ ಬಂದರೆ ಅದು ವಿಪರೀತಕ್ಕೆ ಹೋಗಬಹುದು. ಬೆವರು, ಜ್ವರ, ಅದುರು, ಗಾಬರಿ, ಭೇದಿ, ಗೊಂದಲ. ಕಂಪವಾತ ಜೋರಾದ ಹಾಗೆಯೇ ಕಾಣ್ತದೆ, ಅಲ್ಲಿಯೇ ನಾವು ಮೋಸ ಹೋಗುವುದು. ಕೆಮ್ಮಿನ ಸಿರಪ್ಪುಗಳಲ್ಲಿ ಡೆಕ್ಸ್‌ಟ್ರೋಮೆಥಾರ್ಫಾನ್ ಇರುವುದು ಬಹಳ ಸಾಮಾನ್ಯ. ಹಾಗೆಯೇ ಟ್ರಮಡಾಲ್ ಎಂಬ ನೋವಿನ ಮದ್ದು. ಸೊಂಟ ನೋವಿಗೆ, ಬಿದ್ದು ಏಟಾದಾಗ, ಪ್ಯಾರಸಿಟಮಾಲ್ ಜೊತೆ ಸೇರಿಸಿದ ಮಾತ್ರೆಯಾಗಿ ಬರ್ತದೆ. ಕಂಪವಾತದವರು ಬೀಳುವುದು ಜಾಸ್ತಿ, ಹಾಗಾಗಿ ಇದು ಸಿಗುವ ಸಂಭವವೂ ಜಾಸ್ತಿ. ಆಪರೇಷನ್ ಹೊತ್ತಿನಲ್ಲಿ ಕೊಡುವ ಪೆಥಿಡಿನ್ ಇಂಜೆಕ್ಷನ್ ಕೂಡ ಈ ಗುಂಪಿಗೆ ಆಗುವುದಿಲ್ಲ. ರಸಾಜಿಲಿನ್ ನಿಲ್ಲಿಸಿದ ಮೇಲೂ 14 ದಿನ ಕಾಯಬೇಕು. ಮನಸ್ಸಿನ ಬೇಸರಕ್ಕೆ ಕೊಡುವ ಮಾತ್ರೆ ಇದ್ದರೆ ಇಬ್ಬರು ಡಾಕ್ಟರರಿಗೂ ಅದು ಗೊತ್ತಿರಬೇಕು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟರೆ ರಸಾಜಿಲಿನ್ ದೇಹದಲ್ಲಿ ಹೆಚ್ಚು ಉಳಿಯುತ್ತದೆ, ಪ್ರಮಾಣ ಕಡಿಮೆ ಮಾಡಬೇಕಾಗ್ತದೆ. ಶೀತಕ್ಕೆ ಮೂಗು ಬಿಡಿಸುವ ಮಾತ್ರೆಗಳು ಬಿಪಿ ಏರಿಸಬಹುದು. ಒಣಮೀನು ತಿನ್ನಬಹುದಾ ಅಂತ ಒಬ್ಬರು ಮೊನ್ನೆ ಕೇಳಿದರು. ಮಿತಿಯಲ್ಲಿ ತಿಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಈ ಮಾತ್ರೆ ತೆಗೊಳ್ಳುವವರಿಗೆ ಒಮ್ಮೆಲೇ ತಲೆ ಸಿಡಿಯುವ ನೋವು ಬಂದರೆ ಬಿಪಿ ನೋಡಿಸಲೇಬೇಕು.

ಈಗ ನಮ್ಮ ಊರಿನ ಸಮಸ್ಯೆಗೆ ಬರ್ತೇನೆ. ಇದೆಲ್ಲ ಬೆಂಗಳೂರಿನವರಿಗೂ ಆಗಬಹುದು. ಆದರೆ ನಮಗೆ ಆಗುವ ದಾರಿ ಬೇರೆ. ನಾವು ದೊಡ್ಡ ಡಾಕ್ಟರರನ್ನು ನೋಡುವುದು ಮಂಗಳೂರು, ದೇರಳಕಟ್ಟೆಯಲ್ಲಿ. ಜ್ವರ, ಕೆಮ್ಮು, ಬಿಪಿ ನೋಡಿಸುವುದು ಇಲ್ಲಿಯ ಪಿಎಚ್‌ಸಿಯಲ್ಲಿ, ಜನರಲ್ ಆಸ್ಪತ್ರೆಯಲ್ಲಿ. ಮದ್ದು ತೆಗೊಳ್ಳುವುದು ಎರಡು ರಾಜ್ಯದ ನಾಲ್ಕು ಅಂಗಡಿಯಲ್ಲಿ. ಅಲ್ಲಿಯ ಚೀಟಿ ಇಲ್ಲಿಯವರು ನೋಡುವುದಿಲ್ಲ, ಇಲ್ಲಿಯ ಚೀಟಿ ಅಲ್ಲಿಗೆ ಹೋಗುವುದಿಲ್ಲ. ಒಂದೇ ಮದ್ದು ಮಂಗಳೂರಿನಲ್ಲಿ ಒಂದು ಬ್ರ್ಯಾಂಡ್, ಇಲ್ಲಿ ಇನ್ನೊಂದು ಬ್ರ್ಯಾಂಡ್. ಮನೆಯವರು ಎರಡೂ ಬೇರೆ ಅಂತ ಎಣಿಸಿ ಎರಡನ್ನೂ ಕೊಟ್ಟದ್ದನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ಹಾಗಾಗಿ ಬ್ರ್ಯಾಂಡ್ ಹೆಸರು ಬಿಡಿ. ಪಟ್ಟಿಯ ಹಿಂದೆ ಮದ್ದಿನ ನಿಜವಾದ ಹೆಸರು, ಜನರಿಕ್ ಹೆಸರು, ಇರ್ತದೆ. ಅದನ್ನು ನೋಡಿ.

ಮತ್ತೆ ಭಾಷೆ. ಕೌಂಟರಿನಲ್ಲಿ ಮಲಯಾಳದಲ್ಲಿ 'ಭಕ್ಷಣ ಶೇಷಂ' ಅಂತಾರೆ, ಅಂದರೆ ಊಟ ಆದ ಮೇಲೆ. ಕನ್ನಡ ಮಾತ್ರ ಗೊತ್ತಿರುವ ಅಜ್ಜಿಗೆ ಶೇಷ ಅಂದರೆ ಉಳಿದದ್ದು. 'ಉಚ್ಚಕ್ಕ್ ಒನ್ನ್' ಅಂದರೆ ಮಧ್ಯಾಹ್ನ ಒಂದು. ನಮ್ಮ ಅಜ್ಜಿಯಂದಿರಿಗೆ ಉಚ್ಚೆ ಅಂದರೆ ಎಂತ ಅಂತ ನಾನು ಹೇಳುವುದು ಬೇಡ! ನಗಿ, ನಗಿ, ನಾನೂ ನಗ್ತೇನೆ. ಆದರೆ ಈ ಕಾಯಿಲೆಯಲ್ಲಿ ಊಟಕ್ಕೆ ಮೊದಲೋ ಆಮೇಲೋ ಎಂಬುದು ದೊಡ್ಡ ವಿಷಯ. ಲೀವೊಡೋಪಾ ಮತ್ತು ಪ್ರೋಟೀನು ಒಂದೇ ದಾರಿಯಲ್ಲಿ ಒಳಗೆ ಹೋಗಬೇಕು. ಮೀನು, ಮೊಟ್ಟೆ, ಬೇಳೆಯ ಜೊತೆಯಲ್ಲಿ ಮಾತ್ರೆ ನುಂಗಿದರೆ ಕೆಲವರಿಗೆ ಮಾತ್ರೆಗೆ ದಾರಿಯೇ ಸಿಗುವುದಿಲ್ಲ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು. ಹೊಟ್ಟೆ ತೊಳಸಿದರೆ ಒಂದು ಬಿಸ್ಕೆಟ್, ಅಥವಾ ಸ್ವಲ್ಪ ಗಂಜಿ. ಕಬ್ಬಿಣದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ. ಹೊಸ ಮಾತ್ರೆ ಸೇರಿಸಿಯೂ ಗುಣ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ಸಿಆರ್ ಅಂತ ಬರೆದ ಮಾತ್ರೆಯನ್ನು ಪುಡಿ ಮಾಡಿ ಕೊಡಬೇಡಿ, ಅದು ನಿಧಾನಕ್ಕೆ ಬಿಡುಗಡೆ ಆಗಲಿಕ್ಕೆ ಮಾಡಿದ್ದು.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ಆಗ್ತದೆ. ಹೊಸ ಮಾತ್ರೆ ಸೇರಿದ ಮೇಲೆ ಅಜ್ಜ ಕೂತಲ್ಲೇ ಓಲಾಡುತ್ತಾರೆ, ಕುತ್ತಿಗೆ ಭುಜ ಹಾವಿನ ಹಾಗೆ ಹೊರಳ್ತದೆ. ಕಾಯಿಲೆ ಹೆಚ್ಚಾಯಿತು ಅಂತ ಮನೆಯವರು ಇನ್ನೊಂದು ಮಾತ್ರೆ ಕೊಡ್ತಾರೆ. ಅದು ಕಾಯಿಲೆಯ ನಡುಕ ಅಲ್ಲ, ಡೋಪಮೈನಿನ ಪರಿಣಾಮ ಹೆಚ್ಚಾದಾಗ ಬರುವ ಓಲಾಟ, ಡಿಸ್ಕಿನೀಸಿಯಾ ಅಂತಾರೆ. ನಡುಕ ಒಂದೇ ತಾಳದಲ್ಲಿ, ಹೆಚ್ಚಾಗಿ ಕೈ ಸುಮ್ಮನೆ ತೊಡೆಯ ಮೇಲೆ ಇರುವಾಗ ಬರ್ತದೆ. ಓಲಾಟಕ್ಕೆ ತಾಳ ಇಲ್ಲ, ಹೆಚ್ಚಾಗಿ ಮಾತ್ರೆ ಚೆನ್ನಾಗಿ ಹಿಡಿದ ಹೊತ್ತಿಗೇ ಬರ್ತದೆ. ಆಗ ಲೀವೊಡೋಪಾ ಕಡಿಮೆ ಮಾಡಬೇಕಾಗಬಹುದು. ಎಂಟಕಪೋನ್ ಸೇರಿಸಿದಾಗ ಇದು ವಿಶೇಷವಾಗಿ ನೆನಪಿರಲಿ. ಆ ಮಾತ್ರೆ ಒಂಟಿಯಾಗಿ ಏನೂ ಮಾಡುವುದಿಲ್ಲ, ಲೀವೊಡೋಪಾದ ಜೊತೆಯಲ್ಲೇ ನುಂಗಬೇಕು. ಮೂತ್ರ ಕೇಸರಿ-ಕಂದು ಬಣ್ಣ ಆದರೆ ಹೆದರಬೇಡಿ, ಅದು ಮದ್ದಿನ ಬಣ್ಣ. ಎಷ್ಟು ಕಡಿಮೆ ಮಾಡುವುದು ಅಂತ ತೀರ್ಮಾನಿಸುವವರು ಡಾಕ್ಟರು. ನಿಮ್ಮ ಕೆಲಸ ವಿಡಿಯೋ. ಫೋನು ಎಲ್ಲರ ಕಿಸೆಯಲ್ಲಿಯೂ ಉಂಟಲ್ಲ, ಮಾತ್ರೆ ಕೊಟ್ಟ ಸಮಯ ಹೇಳಿ, ಒಂದು ನಿಮಿಷ ರೆಕಾರ್ಡ್ ಮಾಡಿ. ಡಾಕ್ಟರರ ಎದುರು ಐದು ನಿಮಿಷದಲ್ಲಿ ಅಜ್ಜ ತೋರಿಸದ್ದನ್ನು ಆ ವಿಡಿಯೋ ತೋರಿಸ್ತದೆ.

ಪ್ರಮಿಪೆಕ್ಸೋಲ್, ರೋಪಿನಿರೋಲ್ ಇದ್ದ ಮನೆಗಳಿಗೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮೊದಲನೆಯದು ನಿದ್ದೆ. ಕೆಲವರಿಗೆ ಮುನ್ಸೂಚನೆ ಇಲ್ಲದೆ, ಮಾತಾಡ್ತಾ ಇರುವಾಗಲೇ ನಿದ್ದೆ ಹತ್ತಿಬಿಡ್ತದೆ. ಬೈಕ್ ಬಿಡುವವರಾದರೆ, ರಿಕ್ಷಾ ಓಡಿಸುವವರಾದರೆ, ಮದ್ದು ಹೇಗೆ ಹಿಡೀತದೆ ಅಂತ ಗೊತ್ತಾಗುವವರೆಗೆ ಕೀ ನಿಮ್ಮ ಹತ್ತಿರ ಇರಲಿ. ಎದ್ದು ನಿಂತಾಗ ಬಿಪಿ ಬೀಳಬಹುದು, ರಾತ್ರಿ ಬಚ್ಚಲಿಗೆ ಹೋಗುವಾಗ ಮೊದಲು ಮಂಚದಲ್ಲಿ ಎರಡು ನಿಮಿಷ ಕೂರಲಿ.

ಎರಡನೆಯದನ್ನು ಯಾರೂ ಹೇಳುವುದಿಲ್ಲ. ಈ ಮದ್ದುಗಳು ಕೆಲವರಲ್ಲಿ ತಡೆಯಲಾಗದ ಚಟ ಹುಟ್ಟಿಸ್ತವೆ. ಜೂಜು, ಸಿಕ್ಕಾಪಟ್ಟೆ ಖರೀದಿ, ತಿನ್ನುವ ಹುಚ್ಚು, ಲೈಂಗಿಕ ಆಸಕ್ತಿ ಮಿತಿಮೀರುವುದು. ಕೇರಳದಲ್ಲಿ ಲಾಟರಿ ಸರಕಾರದ್ದೇ, 1967ರಲ್ಲಿ ಇಲಾಖೆಯನ್ನೇ ಮಾಡಿದರು. ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನ ಬಾಗಿಲಲ್ಲಿ, ಎಲ್ಲಿ ಹೋದರೂ ಟಿಕೆಟು. ಜೀವನದಲ್ಲಿ ಒಂದು ಟಿಕೆಟು ತೆಗೆಯದ ಮಾಷ್ಟ್ರು ರಿಟೈರ್ ಆದ ಮೇಲೆ ದಿನಾ ಹತ್ತು ಟಿಕೆಟು ತೆಗೀಲಿಕ್ಕೆ ಶುರು ಮಾಡಿದರೆ, ಪ್ರಾಯಕ್ಕೆ ಬುದ್ಧಿ ಕೆಟ್ಟಿತು ಅಂತ ಬೈಯುವ ಮೊದಲು ಮದ್ದಿನ ಚೀಟಿ ನೋಡಿ. ಅದು ಅವರ ಗುಣ ಅಲ್ಲ, ಮಾತ್ರೆಯ ಗುಣ ಇರಬಹುದು. ಡಾಕ್ಟರರಿಗೆ ಹೇಳಿದರೆ ಪ್ರಮಾಣ ಇಳಿಸ್ತಾರೆ, ಮದ್ದು ಬದಲಾಯಿಸ್ತಾರೆ. ಮರ್ಯಾದೆ ಹೋಗ್ತದೆ ಅಂತ ಮುಚ್ಚಿಟ್ಟರೆ ತೋಟ ಅಡವಿಗೆ ಹೋಗ್ತದೆ. ದೊಡ್ಡವರನ್ನು ಇದರ ಬಗ್ಗೆ ಮಕ್ಕಳು ಕೇಳುವುದು ಕಷ್ಟ, ನನಗೆ ಗೊತ್ತುಂಟು. ಅಮ್ಮನ ಮೂಲಕ ಕೇಳಿಸಿ.

ಇಲ್ಲದ್ದು ಕಾಣುವುದು, ಯಾರೋ ಬಂದರು ಅನ್ನುವುದು, ಇದು ಈ ಎಲ್ಲ ಮದ್ದುಗಳಲ್ಲಿಯೂ ಆಗಬಹುದು. ಅಮಾಂಟಡೀನ್‌ನಲ್ಲಿ ಕಾಲು ಊತ, ಚರ್ಮದಲ್ಲಿ ಬಲೆಯ ಹಾಗೆ ನೇರಳೆ ಗೆರೆ ಬರಬಹುದು. ಕಿಡ್ನಿ ತೊಂದರೆ ಇದ್ದವರು ಮೊದಲೇ ಹೇಳಬೇಕು.

ಮದ್ದು ಅಂತ ನಾವು ಲೆಕ್ಕಕ್ಕೇ ಹಿಡಿಯದ ಮದ್ದೂ ಉಂಟು. ನಸುಗುನ್ನಿ ಬೀಜ, ಮಲಯಾಳದಲ್ಲಿ ನಾಯ್ಕುರಣ ಅಂತಾರೆ. ಆ ಬೀಜದಲ್ಲಿ ಇರುವುದು ಲೀವೊಡೋಪಾವೇ. ನಮ್ಮ ಹಿರಿಯರು ಕಂಪವಾತಕ್ಕೆ ಅದನ್ನು ಕೊಟ್ಟದ್ದು ಸುಮ್ಮನೆ ಅಲ್ಲ. ಆದರೆ ಸಿಂಡೋಪಾ ತೆಗೊಳ್ಳುವವರು ಗುಟ್ಟಾಗಿ ಆ ಪುಡಿಯನ್ನೂ ಹಾಲಿಗೆ ಹಾಕಿ ಕುಡಿದರೆ ಎರಡು ಕಡೆಯಿಂದ ಒಂದೇ ಮದ್ದು ಹೋದ ಹಾಗೆ. ವೈದ್ಯರ ಮದ್ದು ಬೇಡ ಅಂತ ನಾನು ಹೇಳುವುದಿಲ್ಲ, ಇಬ್ಬರಿಗೂ ಗೊತ್ತಿರಲಿ ಅಂತ ಮಾತ್ರ.

ವಾಂತಿ, ತಲೆಸುತ್ತು ಬಂದಾಗ ಊರಲ್ಲಿ ಕೊಡುವ ಕೆಲವು ಮಾತ್ರೆ ಕಂಪವಾತಕ್ಕೇ ವೈರಿ. ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್. ಇವು ಡೋಪಮೈನಿನ ಕೆಲಸವನ್ನು ತಡೀತವೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದ ಹಾಗೆ. ಆಸ್ಪತ್ರೆಯಲ್ಲಿ ರಾತ್ರಿ ಗಲಾಟೆ ಮಾಡಿದರು ಅಂತ ಹ್ಯಾಲೊಪೆರಿಡಾಲ್ ಕೊಡಲಿಕ್ಕೆ ಬಂದರೆ, 'ಇವರಿಗೆ ಪಾರ್ಕಿನ್ಸನ್ಸ್ ಉಂಟು' ಅಂತ ಜೋರಾಗಿ ಹೇಳಿ. ಮಲಯಾಳ, ಇಂಗ್ಲಿಷ್, ಯಾವುದರಲ್ಲಾದರೂ ಸರಿ.

ಇನ್ನು ನಿಲ್ಲಿಸುವ ವಿಷಯ. ಈ ಮದ್ದುಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಲೀವೊಡೋಪಾ ತಟ್ಟನೆ ನಿಂತರೆ ಮೈ ಮರದ ಹಾಗೆ ಬಿಗಿದು, ಜ್ವರ ಏರಿ, ಪ್ರಜ್ಞೆ ತಪ್ಪುವವರೆಗೆ ಹೋಗಬಹುದು. ಜೊತೆ ಮಾತ್ರೆಗಳನ್ನೂ ಹಂತಹಂತವಾಗಿಯೇ ಇಳಿಸಬೇಕು. 2020ರ ಮಾರ್ಚ್ ಕೊನೆ ನಿಮಗೆ ನೆನಪಿರಬೇಕು. ಕರ್ನಾಟಕ ಗಡಿ ಮುಚ್ಚಿತು, ಒಳದಾರಿಗೆಲ್ಲ ಮಣ್ಣು ಸುರಿದರು, ತಲಪಾಡಿಯಲ್ಲಿ ಆ್ಯಂಬುಲೆನ್ಸುಗಳು ತಿರುಗಿ ಹೋದವು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಬೇಕು ಅಂತ ಹೇಳಬೇಕಾಯಿತು. ಆಗ ನಮ್ಮ ಮನೆಯ ಡಬ್ಬಿಯಲ್ಲಿ ಇದ್ದದ್ದು ಆರು ದಿನದ ಮಾತ್ರೆ. ಫೋನು ಮಾಡಿ ಮಾಡಿ, ಕೊನೆಗೆ ಕಾಞಂಗಾಡಿನ ಅಂಗಡಿಯಿಂದ ಬೇರೆ ಬ್ರ್ಯಾಂಡಿನಲ್ಲಿ ಸಿಕ್ಕಿತು. ಜನರಿಕ್ ಹೆಸರು ಗೊತ್ತಿದ್ದ ಕಾರಣ ಸಿಕ್ಕಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ತಿಂಗಳ ಮದ್ದು ಹೆಚ್ಚಿಗೆ ಇರ್ತದೆ. ಗಡಿಯಲ್ಲಿ ಇರುವವರು ಎರಡು ವಾರದ್ದಾದರೂ ಇಟ್ಟುಕೊಳ್ಳಬೇಕು. ಹಳೆಯದನ್ನು ಮೊದಲು ಖರ್ಚು ಮಾಡಿ, ಎಕ್ಸ್‌ಪಯರಿ ನೋಡಿ.

ಹಾಗಾದರೆ ನೀವು ಮಾಡಬೇಕಾದದ್ದು ಎಂತ? ಒಂದು ಹಾಳೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಮದ್ದಿನ ಜನರಿಕ್ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಯಾವ ತಾರೀಕಿಗೆ ಶುರು. ಗಂಟೆ ಬರೆಯಿರಿ, ಬೆಳಿಗ್ಗೆ ಮಧ್ಯಾಹ್ನ ಅಂತ ಬೇಡ. ಕೆಳಗೆ ಕೆಂಪು ಪೆನ್ನಿನಲ್ಲಿ ಕೊಡಬಾರದ ಮದ್ದಿನ ಹೆಸರುಗಳು. ಅವನ್ನು ನಿಮ್ಮ ಡಾಕ್ಟರರ ಹತ್ತಿರವೇ ಕೇಳಿ ಬರೆಸಿ, ನನ್ನ ಭಾಷಣದಿಂದ ಬರೆಯಬೇಡಿ. ಒಂದು ಪ್ರತಿ ಮದ್ದಿನ ಡಬ್ಬಿಯಲ್ಲಿ, ಒಂದು ಅಜ್ಜನ ಕಿಸೆಯಲ್ಲಿ, ಒಂದರ ಫೋಟೋ ನಿಮ್ಮ ಫೋನಿನಲ್ಲಿ. ಕೆಮ್ಮಿಗೆ ಸಿರಪ್ ಕೇಳಲಿಕ್ಕೆ ಹೋದರೂ ಅದನ್ನು ತೋರಿಸಿ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುವವರಾದರೆ ಅವರಿಗೂ ಒಂದು ಕೊಡಿ.

1969ರ ಕೇರಳ ಆಡಳಿತ ಭಾಷಾ ಕಾಯಿದೆ ಪ್ರಕಾರ ನಮ್ಮ ಈ ತಾಲೂಕುಗಳ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗುಂಟು, ಉತ್ತರವೂ ಕನ್ನಡದಲ್ಲಿ ಬರಬೇಕು. ನಾವು ಆ ಹಕ್ಕನ್ನು ರೇಶನ್ ಕಾರ್ಡಿಗೆ, ಜಾಗದ ದಾಖಲೆಗೆ ಉಪಯೋಗಿಸಿದ್ದೇವೆ. ಸರಕಾರಿ ಆಸ್ಪತ್ರೆಯ ಮದ್ದಿನ ಕವರಿನಲ್ಲಿ 'ಊಟಕ್ಕೆ ಮೊದಲು', 'ಊಟದ ನಂತರ' ಎಂಬ ಎರಡು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಿ ಅಂತ ಒಂದು ಅರ್ಜಿ ಹಾಕುವ. ಕರಡು ನಾನು ಬರೆದು ತಂದಿದ್ದೇನೆ, ಭಾಷೆ ತಿದ್ದಿ ಕೊಡಿ, ಸಹಿ ಹಾಕಿ. ಅದು ಬರುವವರೆಗೆ ಕವರಿನ ಮೇಲೆ ಕನ್ನಡದಲ್ಲಿ ಬರೆದು ಕೊಡುವವರು ನೀವೇ.

ಖಾಲಿ ಹಾಳೆಗಳು ಬಾಗಿಲ ಹತ್ತಿರದ ಮೇಜಿನಲ್ಲಿ ಉಂಟು, ಮನೆಗೆ ಎರಡೆರಡು ತೆಗೊಳ್ಳಿ. ಮದ್ದಿನ ತೊಟ್ಟೆ ತಂದವರು ಇದ್ದರೆ ಚಾ ಕುಡಿದ ಮೇಲೆ ಇಲ್ಲೇ ಕೂತು ಒಟ್ಟಿಗೆ ಬರೆಯುವ.